ಕಾಲು ಹೇಳುವವರೆಗೆ

ಬೀದಿಯವರು ಅವರಿಗೆ ನಿಧಾನಯ್ಯ ಎಂದು ಹೆಸರಿಟ್ಟದ್ದು ಮೊದಲು ಗೇಲಿಗೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಗೇಲಿ ಸವೆದುಹೋಗಿ ಗೌರವ ಉಳಿಯಿತು. ಕಾಲು ಸೊಟ್ಟಗಿರುವವರಿಗೆ, ಒಂದು ಕಾಲು ಗಿಡ್ಡವಾದವರಿಗೆ, ಅಪಘಾತದಲ್ಲಿ ಪಾದ ನುಜ್ಜುಗುಜ್ಜಾದವರಿಗೆ ಶೂ ಹೊಲಿಯುವುದು ಅವರ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಕೆಳಗೆ ಅವರು ಕೂರುವ ತಗ್ಗು ಮಣೆ, ಎದುರಿಗೆ ಗಿರಾಕಿಯ ಕುರ್ಚಿ, ಗೋಡೆಯುದ್ದಕ್ಕೂ ಒಂದು ಬೆಂಚು, ಬೆಂಚಿನ ಮೇಲಿನ ಹಲಗೆಯಲ್ಲಿ ಮರದ ಅಚ್ಚುಗಳು. ಅಚ್ಚು ಎಂದರೆ ಗಿರಾಕಿಯ ಪಾದ ಹೇಗಿದೆಯೋ ಹಾಗೆಯೇ ಕೆತ್ತಿದ ಮರದ ತುಂಡು. ಅದರ ಮೇಲೆ ತೊಗಲು ಎಳೆದು ಶೂ ಕಟ್ಟುತ್ತಾರೆ.

ಅವರ ವಿದ್ಯೆ ಬರೀ ಡಂಭವಲ್ಲ, ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಯಾರೇ ಬರಲಿ, ನಲವತ್ತು ದಿನ ಬರಿಗಾಲಲ್ಲಿ ಓಡಾಡಿ ಆಮೇಲೆ ಬನ್ನಿ ಎನ್ನುತ್ತಿದ್ದರು. ಹಳೆಯ ಶೂ ಕಲಿಸಿದ ಸುಳ್ಳನ್ನು ಕಾಲು ಮರೆಯುವುದಕ್ಕೆ ಅಷ್ಟು ದಿನ ಬೇಕು ಎಂದು ಅವರ ಗುರು ಹೇಳಿಕೊಟ್ಟಿದ್ದರಂತೆ. ಮತ್ತೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಪಾದವನ್ನು ಎರಡು ಅಂಗೈಗಳ ನಡುವೆ ಹಿಡಿದು, ಕಣ್ಣು ಮುಚ್ಚಿ ಅರ್ಧ ಗಂಟೆ ಇರುತ್ತಿದ್ದರು. ಟೇಪು ಇಲ್ಲ, ಕಾಗದ ಇಲ್ಲ. ಏನು ಮಾಡ್ತಿದ್ದೀರಿ ಅಂದರೆ, ಕಾಲು ಹೇಳುತ್ತಿದೆ, ಕೇಳುತ್ತಿದ್ದೇನೆ ಎಂದು ಉತ್ತರ. ಹೀಗೆ ನಾಲ್ಕೈದು ಸಲ ಕೇಳಿದ ಮೇಲೆ ಅಚ್ಚು ಕೆತ್ತುವುದು, ಕೆತ್ತಿದ್ದನ್ನು ಮೂರು ತಿಂಗಳು ನೆರಳಲ್ಲಿ ಆರಲು ಬಿಡುವುದು, ತೊಗಲು ನೆನೆಸುವುದು, ಎಳೆಯುವುದು, ಮತ್ತೆ ಬಿಡುವುದು. ಒಂದು ಜೊತೆಗೆ ಒಂಬತ್ತು ಹತ್ತು ತಿಂಗಳು. ಬಸುರಿಗೂ ಇಷ್ಟೇ ದಿನ ಎಂದು ಬೀದಿಯ ಹೆಂಗಸರು ನಗುತ್ತಿದ್ದರು. ಆದರೆ ಲಾರಿ ಹರಿದು ಆರು ವರ್ಷ ಊರುಗೋಲು ಹಿಡಿದಿದ್ದ ಅಂಚೆಯವನು ಆ ಶೂ ಹಾಕಿಕೊಂಡು ಬೀದಿಯ ಆ ತುದಿಯವರೆಗೆ ನಡೆದುಹೋಗಿ, ಅಲ್ಲೇ ನಿಂತು ಮಗುವಿನ ಹಾಗೆ ಅತ್ತದ್ದನ್ನು ಅದೇ ಹೆಂಗಸರು ಕಣ್ಣಾರೆ ನೋಡಿದ್ದರು.

ಬೆಂಚಿನ ಮೇಲೆ ಕೂರುವವರೆಲ್ಲ ಗಿರಾಕಿಗಳಲ್ಲ. ವಾರವೆಲ್ಲ ಆಫೀಸುಗಳಲ್ಲಿ ಓಡಿ ಓಡಿ ಸುಸ್ತಾದವರು ಶನಿವಾರ ಮಧ್ಯಾಹ್ನ ಬಂದು ಸುಮ್ಮನೆ ಕೂತು ಹೋಗುತ್ತಿದ್ದರು. ಅವರಿಗೆ ಮುಂದಾಳು ಒಬ್ಬ ಮ್ಯಾನೇಜರ್. ಕೈಕೆಳಗೆ ಇನ್ನೂರು ಜನ, ಜೇಬಿನಲ್ಲಿ ಎರಡು ಫೋನು, ಹೊಟ್ಟೆಯಲ್ಲಿ ಹುಣ್ಣು. ಚಪ್ಪಟೆ ಪಾದಕ್ಕೆ ಶೂ ಹೊಲಿಸಿಕೊಳ್ಳಲು ಬಂದವನು ಶೂ ಸಿಕ್ಕ ಮೇಲೂ ಬರುವುದನ್ನು ಬಿಡಲಿಲ್ಲ. ಫೋನುಗಳನ್ನು ಬೋರಲು ಹಾಕಿ, ದಬ್ಬಳ ತೊಗಲಿನೊಳಗೆ ಇಳಿಯುವುದನ್ನು ನೋಡುತ್ತ ಕೂತರೆ ವಾರದ ವಿಷವೆಲ್ಲ ಇಳಿಯುತ್ತದೆ ಎನ್ನುತ್ತಿದ್ದ. ನಿಧಾನಯ್ಯ ಅಪ್ಪಿತಪ್ಪಿ ಏನಾದರೂ ಹೇಳಿದರೆ ಪುಟ್ಟ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದ. ತಾಳಿದವನು ಬಾಳಿಯಾನು ಎಂಬ ಮಾತಿನ ಅರ್ಥ ತನಗೆ ಇಲ್ಲಿ ಬಂದ ಮೇಲೆ ಆಯಿತು ಎಂದು ಪಕ್ಕದವರಿಗೆ ಪಿಸುಗುಡುತ್ತಿದ್ದ. ಅದೇ ಹೊತ್ತಿಗೆ ಒಳಗಿನಿಂದ ಒಬ್ಬ ಹುಡುಗಿ ಟೀ ತರುತ್ತಿದ್ದಳು. ಒಂದು ಹೆಜ್ಜೆಗೆ ಏಳುತ್ತ, ಒಂದು ಹೆಜ್ಜೆಗೆ ಬೀಳುತ್ತ ಬರುವಷ್ಟರಲ್ಲಿ ಅರ್ಧ ಟೀ ತಟ್ಟೆಗೆ ಚೆಲ್ಲಿರುತ್ತಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಅಷ್ಟೊಂದು ಶಾಂತಿಯಲ್ಲಿ ಕೂತವರಿಗೆ ಬಾಯಿ ಬರುವುದಿಲ್ಲವೇನೋ.

ಈ ಕಥೆ ಆ ಹುಡುಗಿಯದು. ನಿಧಾನಯ್ಯನ ಒಬ್ಬಳೇ ಮಗಳು. ಹುಟ್ಟಿದಾಗಲೇ ಎಡಗಾಲು ಗಿಡ್ಡ. ಐದನೇ ವರ್ಷಕ್ಕೆ ಎರಡು ಬೆರಳಿನ ಅಗಲದಷ್ಟು ಗಿಡ್ಡವಾಯಿತು. ಶಾಲೆಯಲ್ಲಿ ಅವಳಿಗೆ ಒಂದೂವರೆ ಎಂದು ಹೆಸರು ಬಿತ್ತು. ಹಾಜರಿ ಕರೆಯುವಾಗ ಮಾತ್ರ ಸ್ವಂತ ಹೆಸರು, ಮಿಕ್ಕಂತೆ ಒಂದೂವರೆಯೇ. ಅವಳ ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಕಾಲಿಗೆ ಚಕ್ರ ಕಟ್ಟಿಕೊಂಡವಳು. ಒಂಬತ್ತು ತಿಂಗಳಿಗೊಂದು ಶೂ ಹೊಲಿಯುವ ಮನೆಯಲ್ಲಿ ಒಲೆ ಹೊತ್ತುತ್ತಿದ್ದದ್ದು ಆ ಚಕ್ರದಿಂದ. ಗಂಡನ ಶಾಂತಿಯನ್ನು ಹೊಗಳಲು ಬಂದವರಿಗೆ ಟೀ ಪುಡಿಯೂ ಅವಳ ಇಸ್ತ್ರಿಯಿಂದಲೇ ಬರುತ್ತಿತ್ತು.

ಮಗಳಿಗೆ ಐದು ತುಂಬಿದಾಗ ಅಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಮಗುವನ್ನು ಗೋಡೆಗೆ ನಿಲ್ಲಿಸಿ ನೋಡಿ ವಿಷಯ ಬಿಡಿಸಿ ಹೇಳಿದರು. ಗಿಡ್ಡ ಕಾಲಿನ ಕೆಳಗೆ ಎತ್ತರ ಕೊಟ್ಟರೆ ಬೆನ್ನು ನೆಟ್ಟಗೆ ಬೆಳೆಯುತ್ತದೆ, ಕೊಡದಿದ್ದರೆ ಆ ಕಡೆಗೇ ವಾಲಿಕೊಂಡು ಬೆಳೆಯುತ್ತದೆ, ಹದಿನಾರು ಹದಿನೇಳಕ್ಕೆ ಮೂಳೆ ಬಲಿತುಬಿಟ್ಟರೆ ಮತ್ತೆ ಯಾರ ಕೈಲೂ ಆಗುವುದಿಲ್ಲ.

"ಚೆಂದ ಬೇಕಿಲ್ಲಮ್ಮ," ಎಂದರು ಡಾಕ್ಟರು. "ಎತ್ತರ ಬೇಕು. ಬೆಳೀತಾ ಇದ್ದ ಹಾಗೆ ಬದಲಾಯಿಸ್ತಾ ಇರಿ."

ಆಸ್ಪತ್ರೆಯಲ್ಲೇ ಒಂದು ಜೊತೆ ಶೂ ಸಿಕ್ಕಿತು. ಎಡಗಡೆಯದಕ್ಕೆ ಕೆಳಗೆ ಕಪ್ಪು ರಬ್ಬರಿನ ದಪ್ಪ ಅಟ್ಟೆ. ಮನೆಗೆ ತಂದಾಗ ನಿಧಾನಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೈಯಲಿಲ್ಲ, ಕೂಗಾಡಲಿಲ್ಲ, ಅವರು ಯಾವತ್ತೂ ಕೂಗಾಡಿದವರಲ್ಲ. ಚೂರಿ ತೆಗೆದುಕೊಂಡು ಒಂದೊಂದೇ ಹೊಲಿಗೆ ಬಿಚ್ಚಿ, ಅಟ್ಟೆ, ಮೇಲ್ಭಾಗ, ಒಳಗಿನ ಬಟ್ಟೆ ಎಲ್ಲವನ್ನೂ ಬೇರೆ ಬೇರೆ ಮಾಡಿ ಹಾಳೆಯ ಮೇಲೆ ಜೋಡಿಸಿ ಹೆಂಡತಿಗೆ ತೋರಿಸಿದರು. ಇದರಲ್ಲಿ ಒಂದು ಹೊಲಿಗೆಯಾದರೂ ಪ್ರಾಮಾಣಿಕವಾಗಿದೆಯಾ ನೋಡು ಎಂದರು. ತನ್ನ ಮಗಳಿಗೆ ಶೂ ತಾನೇ ಹೊಲಿಯುವುದಾಗಿ ಹೇಳಿ, ಅವತ್ತಿನಿಂದಲೇ ನಲವತ್ತು ದಿನ ಬರಿಗಾಲು ಎಂದರು. ಅಮ್ಮನಿಗೆ ಆಗ ಸಂತೋಷವೇ ಆಯಿತು. ಊರವರ ಕಾಲೆಲ್ಲ ನೆಟ್ಟಗೆ ಮಾಡಿದ ಕೈ, ಸ್ವಂತ ಮಗಳಿಗೆ ಮಾಡದೆ ಇದ್ದೀತೇ ಎಂದುಕೊಂಡಳು.

ಮಾಡಿದರು. ಹತ್ತು ತಿಂಗಳಿಗೆ ಮೊದಲ ಜೊತೆ ಆಯಿತು. ಕೆಂಪು ತೊಗಲು, ಬೆಣ್ಣೆಯಂಥ ಒಳಭಾಗ, ಎರಡು ಬೆರಳಿನ ಎತ್ತರ ಎಲ್ಲಿ ಅಡಗಿದೆ ಎಂದು ಹುಡುಕಿದರೂ ಸಿಗದ ಹಾಗೆ ಕಟ್ಟಿದ್ದರು. ಹುಡುಗಿಯ ಪಾದ ಒಳಗೆ ಹೋಗಲಿಲ್ಲ. ಹತ್ತು ತಿಂಗಳಲ್ಲಿ ಅರ್ಧ ಬೆರಳು ಬೆಳೆದಿತ್ತು.

ದೊಡ್ಡವರ ಕಾಲಿಗೆ ಶೂ ಹೊಲಿದು ಅಭ್ಯಾಸವಾದವರು ಮಾಡಬಹುದಾದ ತಪ್ಪು ಅದು. ಒಂದು ಸಲಕ್ಕೆ ಯಾರೂ ಅದನ್ನು ತಪ್ಪು ಎನ್ನುವುದಿಲ್ಲ. ಪಾಪ, ಅಮ್ಮ ಒಂದು ದಾರಿಯನ್ನೂ ತೋರಿಸಿದಳು. "ಬೆಳೆಯೋ ಮಕ್ಕಳ ಲಂಗಕ್ಕೆ ಮಡಿಕೆ ಬಿಟ್ಟು ಹೊಲಿಸ್ತೀವಿ. ನೀವೂ ಸ್ವಲ್ಪ ಜಾಗ ಬಿಟ್ಟು ಹೊಲೀರಿ, ಮುಂದೆ ಹತ್ತಿ ತುಂಬಿದ್ರಾಯ್ತು."

"ನಾಳೆಯ ಕಾಲಿಗೆ ಇವತ್ತು ಶೂ ಹೊಲಿಯೋದು ಸುಳ್ಳು," ಎಂದರು ನಿಧಾನಯ್ಯ. "ನಾನು ಇವತ್ತಿನ ಕಾಲಿನ ಮಾತು ಮಾತ್ರ ಕೇಳ್ತೀನಿ."

ಬೆಂಚಿನ ಮೇಲಿದ್ದ ಮ್ಯಾನೇಜರ್ ಅದನ್ನು ಡೈರಿಯಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದ. ಮೊದಲ ಜೊತೆ ಗಾಜಿನ ಬೀರು ಸೇರಿತು. ಮತ್ತೆ ನಲವತ್ತು ದಿನ ಬರಿಗಾಲು ಶುರುವಾಯಿತು.

ಎರಡನೆಯ ಜೊತೆಗೆ ಕಾಯುವಾಗ ಅಮ್ಮ ಸುಮ್ಮನೆ ಕೂರಲಿಲ್ಲ. ಹಳೆಯ ಹವಾಯಿ ಚಪ್ಪಲಿಯನ್ನು ಕುಯ್ದು, ಸೈಕಲ್ ಅಂಗಡಿಯಿಂದ ಸಲ್ಯೂಷನ್ ತಂದು, ಮಗಳ ಶಾಲೆಯ ಎಡ ಚಪ್ಪಲಿಗೆ ಒಂದರ ಮೇಲೊಂದು ಅಂಟಿಸಿದಳು. ಅಳತೆಗೆ ಅವಳ ಹತ್ತಿರ ಇದ್ದದ್ದು ಒಂದೇ ಉಪಾಯ. ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ ಲಂಗದ ಅಂಚು ನೆಲಕ್ಕೆ ಸಮವಾಗಿದೆಯೇ ಎಂದು ನೋಡುವುದು. ಒಂದು ಕಡೆ ಇಳಿದಿದ್ದರೆ ಇನ್ನೊಂದು ಚೂರು ರಬ್ಬರು. ತಿಂಗಳಿಗೊಂದು ಸಲ, ಲಾಂಡ್ರಿಗೆ ಓಡುವ ಮುಂಚೆ ಹತ್ತು ನಿಮಿಷದ ಕೆಲಸ. ಕಾಲಿನ ಮಾತು ಕೇಳುವುದು ಎಂದರೆ ಅದೂ ಕೇಳುವುದೇ ಎಂದು ನನಗನ್ನಿಸುತ್ತದೆ. ಆದರೆ ಅದನ್ನು ನೋಡಲು ಯಾರೂ ಬೆಂಚಿನ ಮೇಲೆ ಬಂದು ಕೂರಲಿಲ್ಲ.

ಗುಟ್ಟು ಹೆಚ್ಚು ದಿನ ನಡೆಯಲಿಲ್ಲ. ಮಗಳು ಆ ಚಪ್ಪಲಿಯನ್ನು ಶಾಲೆಗೆ ಹೋಗುವಾಗ ಬೀದಿಯ ತಿರುವಿನಲ್ಲಿ ಹಾಕಿಕೊಂಡು, ಬರುವಾಗ ಅಲ್ಲೇ ಕಳಚಿ ಚೀಲಕ್ಕೆ ಹಾಕುತ್ತಿದ್ದಳು. ಆದರೆ ಒಂದು ಸಂಜೆ ಪಾದ ಹಿಡಿದು ಕಣ್ಣು ಮುಚ್ಚಿದ ನಿಧಾನಯ್ಯ ಎರಡೇ ನಿಮಿಷಕ್ಕೆ ಕಣ್ಣು ಬಿಟ್ಟರು. ಅವರ ಬೆರಳು ಅಷ್ಟು ಸೂಕ್ಷ್ಮ. ಚೀಲದಿಂದ ಚಪ್ಪಲಿ ತರಿಸಿ, ಅಂಟಿಸಿದ ರಬ್ಬರನ್ನು ಪದರ ಪದರವಾಗಿ ಕಿತ್ತು ಹೆಂಡತಿಯ ಮುಂದೆ ಇಟ್ಟರು.

"ಇದನ್ನ ಕಟ್ಕೊಂಡು ಓಡಾಡಿದ್ರೆ ಕಾಲು ನನಗೆ ಸುಳ್ಳು ಹೇಳತ್ತೆ. ಮೊದಲಿಂದ ಶುರು ಮಾಡಬೇಕು."

ಅಂದರೆ ಮತ್ತೆ ನಲವತ್ತು ದಿನ. ಆ ವರ್ಷ ಹೀಗೆ ಮೂರು ಸಲ ಆಯಿತು, ಮೂರು ಸಲವೂ ಕಾಲೇ ಚಾಡಿ ಹೇಳಿತು. ಕೊನೆಗೆ ಅಮ್ಮ ಹೆದರಿದಳು. ತನ್ನ ರಬ್ಬರಿನಿಂದಲೇ ಮಗಳ ಶೂ ತಡವಾಗುತ್ತಿದೆ ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತು. ಸಲ್ಯೂಷನ್ ಡಬ್ಬಿ ಅಟ್ಟ ಸೇರಿತು.

ಅಮ್ಮ ಬಿಡದಿದ್ದರೂ ಮಗಳೇ ಬಿಡುತ್ತಿದ್ದಳು, ಅದೂ ಸತ್ಯ. ಅಪ್ಪ ಅವಳನ್ನು ಎತ್ತಿ ಆಡಿಸಿದವರಲ್ಲ, ತಲೆ ಸವರಿದವರಲ್ಲ. ಅವರು ಅವಳನ್ನು ಮುಟ್ಟುತ್ತಿದ್ದದ್ದು ಆ ಕುರ್ಚಿಯಲ್ಲಿ ಮಾತ್ರ. ಅರ್ಧ ಗಂಟೆ ಅವಳ ಕೆಟ್ಟ ಕಾಲು ಅವರ ಬೆಚ್ಚಗಿನ ಅಂಗೈಗಳಲ್ಲಿ ಇರುತ್ತಿತ್ತು, ಇಡೀ ಲೋಕದಲ್ಲಿ ಬೇರೆ ಏನೂ ಇಲ್ಲ ಎನ್ನುವ ಹಾಗೆ ಅಪ್ಪ ಅದರ ಮುಂದೆ ತಲೆ ಬಗ್ಗಿಸಿ ಕೂತಿರುತ್ತಿದ್ದರು. ಶಾಲೆಯಲ್ಲಿ ಒಂದೂವರೆ, ಇಲ್ಲಿ ಮಹಾರಾಣಿ. ಆ ಅರ್ಧ ಗಂಟೆಗಾಗಿ ಅವಳು ನಲವತ್ತು ದಿನವಲ್ಲ, ನಾನೂರು ದಿನ ಬೇಕಾದರೂ ಕುಂಟುತ್ತಿದ್ದಳು. ಅಪ್ಪನನ್ನು ಅವಳು ಅಷ್ಟು ಪ್ರೀತಿಸುತ್ತಿದ್ದಳು.

ಹೀಗೆ ವರ್ಷಗಳು ಹೋದವು. ಎರಡನೆಯ ಜೊತೆ ಮನೆಯೊಳಗೆ ಒಂದೇ ವಾರ ಕಾಲಿಗೆ ಹಿಡಿಯಿತು. ಮೂರನೆಯದು ಬೆರಳು ಕಚ್ಚಿತು. ನಾಲ್ಕನೆಯದಕ್ಕೆ ತೊಗಲು ಮನಸ್ಸಿಗೆ ಬರಲಿಲ್ಲ ಎಂದು ಒಂದು ವರ್ಷ ಹೆಚ್ಚು ಹಿಡಿಯಿತು. ಅವಳಿಗೆ ಹದಿನಾಲ್ಕಾಗುವ ಹೊತ್ತಿಗೆ ಗಾಜಿನ ಬೀರುವಿನಲ್ಲಿ ಏಳು ಜೊತೆ ಶೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಂತಿದ್ದವು, ಒಂದರ ಅಟ್ಟೆಗೂ ಮಣ್ಣು ಹತ್ತಿರಲಿಲ್ಲ. ಬೆಂಚಿನವರು ಒಬ್ಬೊಬ್ಬರಾಗಿ ಎದ್ದು ಅದನ್ನು ನೋಡಿ ಬಂದು ನಿಟ್ಟುಸಿರು ಬಿಡುತ್ತಿದ್ದರು. ಇಷ್ಟು ಸಹನೆ ನಮಗೆ ಯಾವ ಜನ್ಮಕ್ಕೆ ಬಂದೀತು ಎಂದು ಮ್ಯಾನೇಜರ್ ಹೇಳಿದ. ದೀಪದ ಬುಡದ ಕತ್ತಲು ದೀಪ ನೋಡಲು ಬಂದವರ ಕಣ್ಣಿಗೆ ಬೀಳುವುದೇ ಇಲ್ಲ.

ಆ ವರ್ಷ ಅಮ್ಮ ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಾಲು ಈಗ ಮೂರು ಬೆರಳು ಗಿಡ್ಡ, ಬೆನ್ನು ಬಾಗಲು ಶುರುವಾಗಿತ್ತು. ಇನ್ನು ಎರಡೇ ವರ್ಷ ಸಮಯ ಇರುವುದು ಎಂದು ಡಾಕ್ಟರು ಎಚ್ಚರಿಸಿ ಒಂದು ಚೀಟಿ ಬರೆದುಕೊಟ್ಟರು. ಆ ಚೀಟಿ ತೋರಿಸಿದರೆ ಒಂದು ವಾರದಲ್ಲಿ ಶೂ. ಈ ಸಲ ಚೀಟಿಯನ್ನು ಅಮ್ಮ ಮಗಳ ಕೈಗೇ ಕೊಟ್ಟಳು. ನೀನು ದೊಡ್ಡವಳಾದೆ, ಅಪ್ಪನನ್ನು ನೀನೇ ಕೇಳು ಎಂದಳು. ಮಗಳು ಅವತ್ತು ಕುರ್ಚಿಯಲ್ಲಿ ಕೂತು, ಪಾದ ಅವರ ಕೈಯಲ್ಲಿದ್ದಾಗ, ತುಂಬ ಮೆಲ್ಲಗೆ ಕೇಳಿದಳು.

"ಅಪ್ಪಾ, ಈ ಸಲ ಬೇಗ ಮಾಡ್ತೀರಾ?"

ಅವರು ಕಣ್ಣು ಬಿಡಲಿಲ್ಲ. "ಆತುರದಲ್ಲಿ ಹೊಲಿದ ಶೂ ಕೊಟ್ರೆ ನಿನ್ನ ಕಾಲಿಗೆ ನಾನು ಅವಮಾನ ಮಾಡಿದ ಹಾಗೆ, ಮಗಳೇ."

ಮಗಳೇ ಎಂದು ಅವರು ಕರೆದದ್ದು ಅಪರೂಪ. ಚೀಟಿ ವಿಜ್ಞಾನದ ಪುಸ್ತಕದೊಳಗೆ ಹೋಗಿ ಅಲ್ಲೇ ಉಳಿಯಿತು. ಅಮ್ಮ ಕೇಳಿದಾಗೆಲ್ಲ ಮಗಳು, ಈ ಸಲ ಆಗುತ್ತಮ್ಮ ಎಂದಳು. ಅವಳದೂ ತಪ್ಪಿದೆ ಎಂದು ಆಮೇಲೆ ಆಡಿಕೊಂಡವರಿದ್ದಾರೆ. ಹದಿನಾಲ್ಕು ವರ್ಷದ ಹುಡುಗಿಯ ತಪ್ಪನ್ನು ತಕ್ಕಡಿಗೆ ಹಾಕುವವರಿಗೆ ಬೇರೆ ಕೆಲಸ ಇರುವುದಿಲ್ಲ.

ಎಂಟನೆಯ ಜೊತೆ ನಾಲ್ಕು ವರ್ಷ ಹಿಡಿಯಿತು. ಇದು ಕೊನೆಯದು, ಇದರಲ್ಲಿ ತಾನು ಕಲಿತದ್ದೆಲ್ಲ ಇರಬೇಕು ಎಂದು ನಿಧಾನಯ್ಯ ಮೂರು ಅಚ್ಚು ಕೆತ್ತಿ ಮೂರನ್ನೂ ಬಿಸಾಡಿದರು. ನಡುವೆ ಹದಿನೇಳನೇ ವರ್ಷದಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅರ್ಧಕ್ಕೆ ಹೇಳಿ ನಿಲ್ಲಿಸಿದರು. ಗಾದೆ ಅಲ್ಲಿ ತಲೆಕೆಳಗಾಗಿತ್ತು. ಗಿಡವಾಗಿದ್ದಾಗಲೇ ಬಗ್ಗಿದ್ದು ಇನ್ನು ನೆಟ್ಟಗಾಗುವ ಹಾಗಿರಲಿಲ್ಲ. ಮೂಳೆ ಬಲಿತಿತ್ತು, ಆದದ್ದು ಆಗಿತ್ತು. ಬಸ್ಸಿನಲ್ಲಿ ಅಮ್ಮ ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಂದು ಸುದ್ದಿ ಹೇಳಿದರೆ ನಿಧಾನಯ್ಯ, ಈಗ ಕಾಲು ಬೆಳೆಯುವುದು ನಿಂತಿದೆ, ಈಗ ಅದು ನಿಜ ಹೇಳುತ್ತದೆ ಎಂದರು. ಆ ಮಾತಿನಲ್ಲಿ ಅವರಿಗೆ ನೆಮ್ಮದಿಯಿತ್ತು. ದೇವರಾಣೆಗೂ ನೆಮ್ಮದಿಯೇ.

ಹದಿನೆಂಟು ತುಂಬಿದ ಮೇಲೆ ಒಂದು ಶನಿವಾರ, ಬೆಂಚು ತುಂಬಿರುವಾಗ, ಎಂಟನೆಯ ಜೊತೆ ಹೊರಗೆ ಬಂತು. ಕಪ್ಪಿಗೆ ತಿರುಗಿದ ಕಂದು ಬಣ್ಣ. ಪಾದ ಅದರೊಳಗೆ ನೀರು ಇಳಿದ ಹಾಗೆ ಇಳಿಯಿತು. ಅವಳು ಎದ್ದು ನಿಂತಳು. ಎಷ್ಟೋ ವರ್ಷಗಳ ಮೇಲೆ ಅವಳ ಸೊಂಟದ ಎರಡೂ ಬದಿ ಒಂದೇ ಮಟ್ಟಕ್ಕೆ ಬಂದವು. ಬೆಂಚಿನ ಮೇಲೆ ಯಾರೋ ಕಣ್ಣೊರೆಸಿಕೊಂಡರು. ಮ್ಯಾನೇಜರ್ ನೆಲದ ಮೇಲೆ ಮೊಣಕಾಲೂರಿ ಶೂಗಳ ಫೋಟೋ ತೆಗೆದ; ಫೋಟೋದಲ್ಲಿ ಹುಡುಗಿ ಮೊಣಕಾಲಿನವರೆಗೆ ಮಾತ್ರ ಇದ್ದಳು. ನಾಲ್ಕನೆಯ ಹೆಜ್ಜೆಗೆ ಬೆನ್ನಿನ ಬುಡದಿಂದ ಕತ್ತಿನವರೆಗೆ ನೋವು ಎದ್ದು, ಅವಳು ಗೋಡೆ ಹಿಡಿದುಕೊಂಡಳು. ಹದಿನೆಂಟು ವರ್ಷ ಇಳಿಜಾರಿಗೆ ಒಗ್ಗಿ ಬಲಿತ ಬೆನ್ನು; ಈಗ ನೆಲ ಸಮವಾದರೆ ಅದು ಎಲ್ಲಿಗೆ ಹೋಗಬೇಕು?

ನಿಧಾನಯ್ಯ ಎದ್ದು ಬಂದು ಶೂ ಸಮೇತ ಪಾದವನ್ನು ಹಿಡಿದು ಕಣ್ಣು ಮುಚ್ಚಿದರು.

"ಶೂ ಸರಿಯಾಗಿದೆ," ಎಂದರು. "ಬೆನ್ನು ತಪ್ಪಾಗಿದೆ."

ಮ್ಯಾನೇಜರ್ ಡೈರಿಯನ್ನು ಅರ್ಧ ಹೊರಗೆ ತೆಗೆದವನು ಮತ್ತೆ ಒಳಗಿಟ್ಟ. ಹುಡುಗಿಗೆ ಆಗ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಅಪ್ಪನ ಅಷ್ಟು ವರ್ಷದ ಕೆಲಸವನ್ನು ತಾನು ಕೆಡಿಸಿದೆ ಎಂದು ನಾಚಿಕೆಯಾಯಿತು, ಆ ನಾಚಿಕೆ ಒಂದು ವರ್ಷ ಅವಳನ್ನು ತಿಂದಿತು. ಎಂಟನೆಯ ಜೊತೆ ಬೀರುವಿನಲ್ಲಿ ನಡುಮಧ್ಯೆ ಕೂತಿತು. ಅವಳು ಬರಿಗಾಲಲ್ಲೇ ಟೀ ತರುತ್ತಿದ್ದಳು.

ಮ್ಯಾನೇಜರ್ ತೆಗೆದ ಫೋಟೋ ಮಾತ್ರ ಎಲ್ಲೆಲ್ಲಿಗೋ ಹೋಯಿತು. ಅದನ್ನು ಫೋನಿನಲ್ಲಿ ನೋಡಿದ ಒಬ್ಬ ಹೆಂಗಸು ಮುಂದಿನ ವರ್ಷ ಒಂದು ಶನಿವಾರ ಐದು ವರ್ಷದ ಮಗಳನ್ನು ಕರೆದುಕೊಂಡು ಎರಡು ಬಸ್ಸು ಬದಲಾಯಿಸಿ ಬಂದಳು. ಮಗುವಿನ ಬಲಗಾಲು ಗಿಡ್ಡ. ಚಪ್ಪಲಿಯ ಕೆಳಗೆ ತಾಯಿಯೇ ಅಂಟಿಸಿದ ರಬ್ಬರಿನ ತುಂಡುಗಳಿದ್ದವು, ಅಂಚೆಲ್ಲ ಓರೆಕೋರೆ. ನಿಧಾನಯ್ಯ ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ಚಪ್ಪಲಿ ಕಳಚಿ, ಪುಟ್ಟ ಪಾದವನ್ನು ಅಂಗೈಗೆ ತೆಗೆದುಕೊಂಡರು. ಮಗು ಕಚಗುಳಿಯಾಗಿ ನಕ್ಕು, ಆಮೇಲೆ ಅವರ ಮುಖ ನೋಡಿ ಗಂಭೀರವಾಯಿತು. ಎಷ್ಟೋ ಹೊತ್ತಿನ ಮೇಲೆ ಅವರು ಕಣ್ಣು ಬಿಟ್ಟು, ನಲವತ್ತು ದಿನ ಬರಿಗಾಲು ಎಂದು ಹೇಳಿ, ಚಪ್ಪಲಿ ಮಡಿಲಿಗೆ ಹಾಕಿಕೊಂಡು ರಬ್ಬರು ಕೀಳಲು ಚೂರಿ ಎತ್ತಿಕೊಂಡರು.

ಹುಡುಗಿ ಟೀ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತಿದ್ದಳು. ಹೆಂಗಸು ಬೀರುವಿನ ಕಡೆ ಆಸೆಯಿಂದ ನೋಡುತ್ತ ಕೇಳಿದಳು. "ಆ ಶೂ ಹಾಕ್ಕೊಂಡ ಹುಡುಗಿ ಈಗ ಚೆನ್ನಾಗಿ ನಡೀತಾಳಾ, ಸ್ವಾಮಿ?"

ನಿಧಾನಯ್ಯ ಚೂರಿಯ ತುದಿಯನ್ನು ರಬ್ಬರಿನ ಕೆಳಗೆ ತೂರಿಸುತ್ತ, ಶೂ ನೋಡಿದರೆ ಗೊತ್ತಾಗುವುದಿಲ್ಲವೇ ಎಂದರು.

ಹುಡುಗಿ ತಟ್ಟೆಯನ್ನು ಬೆಂಚಿನ ತುದಿಯಲ್ಲಿ ಇಟ್ಟಳು. ಹೆಗಲ ಮೇಲಿನ ದುಪಟ್ಟ ತೆಗೆದು ಅದರ ಪಕ್ಕದಲ್ಲಿ ಇಟ್ಟಳು. ಹೆಂಗಸಿಗೆ ಬೆನ್ನು ಕಾಣುವ ಹಾಗೆ ತಿರುಗಿ, ಒಳಬಾಗಿಲಿನಿಂದ ಬೀದಿಬಾಗಿಲಿನವರೆಗೆ ನಡೆದಳು. ನಿಧಾನವಾಗಿ ನಡೆದಳು, ಒಂದು ಹೆಗಲು ಕಿವಿಯ ಕಡೆಗೆ ಏರುವುದು, ಸೊಂಟ ಹೊರಳುವುದು, ಬೆನ್ನ ಹುರಿ ಬಟ್ಟೆಯ ಕೆಳಗೆ ಹಾವಿನ ಹಾಗೆ ತಿರುಚುವುದು ಎಲ್ಲ ಕಾಣಲಿ ಎಂದೇ ನಡೆದಳು. ತಿರುಗಿ ಬಂದು ಹೆಂಗಸಿನ ಎದುರು ನಿಂತಳು.

"ಹೀಗೆ ನಡೀತಾಳೆ," ಎಂದಳು. "ಇದೂ ಅಪ್ಪನ ಕೈ ಕೆಲಸಾನೇ. ಹದಿಮೂರು ವರ್ಷ ಹಿಡೀತು."

ಹೆಂಗಸು ನಿಧಾನಯ್ಯನ ಕೈಯಿಂದ ಚಪ್ಪಲಿ ಕಿತ್ತುಕೊಂಡಳು. ಅರ್ಧ ಎದ್ದ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ, ಮಗುವಿನ ಕಾಲಿಗೆ ಹಾಕಿ, ಮಗುವನ್ನು ಎತ್ತಿಕೊಂಡು ಹಿಂತಿರುಗಿ ನೋಡದೆ ಹೋದಳು. ನಿಧಾನಯ್ಯನ ಅಂಗೈಗಳು ಮಡಿಲಲ್ಲಿ ಖಾಲಿ ತೆರೆದುಕೊಂಡಿದ್ದವು. ಮ್ಯಾನೇಜರ್ ಬೋರಲು ಹಾಕಿದ್ದ ಫೋನುಗಳನ್ನು ತಿರುಗಿಸಿ ನೋಡತೊಡಗಿದ. ಹುಡುಗಿ ದುಪಟ್ಟ ಹೊದ್ದು, ತಟ್ಟೆ ಎತ್ತಿಕೊಂಡು, ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರಿಗೂ ಟೀ ಕೊಟ್ಟಳು. ಅಪ್ಪನಿಗೆ ಕೊಡುವಷ್ಟರಲ್ಲಿ ಅದು ಆರಿಹೋಗಿತ್ತು.